ಪರ್ಸು ಹೋದರೆ ಹೋಗಲಿ, ಹೆಸರು ಹೋಗದಿರಲಿ

(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮೂರಿನ ಮಕ್ಕಳು ಬೆಳಗಾದರೆ ವೈಟ್‌ಫೀಲ್ಡ್, ಐಟಿಪಿಎಲ್ ಕಡೆ ಕೆಲಸಕ್ಕೆ ಹೊರಡುತ್ತಾರೆ. 335ಇ ಬಸ್ಸಿನ ನೂಕುನುಗ್ಗಲು ತಮಗೆಲ್ಲ ಗೊತ್ತಿರುವುದೇ. 2023ರಲ್ಲಿ ಕಾಡುಗೋಡಿಗೆ ಮೆಟ್ರೊ ಬಂತು, ಆದರೆ ಜೇಬಿಗೆ ಕೈ ಹಾಕುವವರಿಗೇನೂ ರಜೆ ಸಿಕ್ಕಿಲ್ಲ. ಹಿಂದೆ ಪರ್ಸು ಹೋದರೆ "ಹೋಗ್ಲಿ ಬಿಡು, ಇನ್ನೂರು ರೂಪಾಯಿ ಇತ್ತು" ಅಂತ ಸುಮ್ಮನಾಗುತ್ತಿದ್ದೆವು. ಈಗ ಅದರೊಳಗೆ ಆಧಾರ್, ಪ್ಯಾನ್, ಎಟಿಎಂ ಕಾರ್ಡು ಎಲ್ಲಾ ಇರುತ್ತವೆ. ನಮ್ಮ ಹೆಸರಲ್ಲಿ ಬೇರೆ ಯಾರೋ ಸಾಲ ಎತ್ತಿದರೆ, ಸಿಮ್ ಕೊಂಡರೆ, ವಸೂಲಿಯವರು ಬಂದು ತಟ್ಟುವುದು ನಮ್ಮ ಬಾಗಿಲನ್ನೇ.

ಮೊದಲು ಎಟಿಎಂ ಕಾರ್ಡಿನ ಮಾತು. ತಾಗಿಸಿದರೆ ಸಾಕು ಎನ್ನುವ ಕಾರ್ಡುಗಳಲ್ಲಿ 5,000 ರೂಪಾಯಿವರೆಗೆ ಪಿನ್ ಕೇಳುವುದಿಲ್ಲ. (ಕಾರ್ಡಿನ ಹಿಂದೆಯೇ ಪಿನ್ ಬರೆದಿಡುವ ಪುಣ್ಯಾತ್ಮರೂ ಇದ್ದಾರೆ, ಅವರಿಗೆ ಏನು ಹೇಳೋದು!) ಪರ್ಸು ಹುಡುಕುತ್ತಾ ಸಂಜೆ ಮಾಡಬೇಡಿ. ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡು ನಿಲ್ಲಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ನಾವು ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆಮೇಲೆ ಪೊಲೀಸರಲ್ಲಿ ಕಳೆದುಹೋದ ಬಗ್ಗೆ ದೂರು ದಾಖಲಿಸಿ. ಕಾರ್ಡು ಸಿಗುತ್ತದೆ ಅಂತಲ್ಲ. ಇಂಥ ದಿನದಿಂದ ಅದು ನಮ್ಮ ಕೈಲಿರಲಿಲ್ಲ ಎನ್ನುವುದಕ್ಕೆ ಒಂದು ಕಾಗದ ಬೇಕು, ಅಷ್ಟೇ.

ನಮ್ಮ ಭಾಗದವರು ಹೆಚ್ಚು ಹೆದರಬೇಕಾದದ್ದು ಆಧಾರ್ ವಿಚಾರಕ್ಕೆ. ಆಧಾರ್ ನಂಬರು, ಬ್ಯಾಂಕಿನ ಹೆಸರು, ಒಂದು ಬೆರಳಚ್ಚು ಇದ್ದರೆ ಊರೂರಿನ ಮಿನಿ ಮೆಷಿನ್‌ಗಳಲ್ಲಿ ದುಡ್ಡು ತೆಗೆಯಬಹುದು. ಪಿನ್ ಇಲ್ಲ, ಓಟಿಪಿ ಇಲ್ಲ. ಬ್ಯಾಂಕು ದೂರವಿರುವ ಮುದುಕರಿಗೆ ಇದು ಒಳ್ಳೆಯ ಅನುಕೂಲವೇ. ಆದರೆ ಬೆರಳಚ್ಚು ಕಳ್ಳನಿಗೆ ಎಲ್ಲಿ ಸಿಗುತ್ತದೆ ಅಂತೀರಾ? 2023ರಲ್ಲಿ ಬೆಂಗಳೂರಿನಲ್ಲಿ ಜಮೀನು, ಸೈಟು, ಮನೆ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹೀಗೇ ಹಣ ಹೋಯಿತು. ನೋಂದಣಿ ಪತ್ರದಲ್ಲಿದ್ದ ಹೆಬ್ಬೆಟ್ಟಿನ ಗುರುತು, ಆಧಾರ್ ನಂಬರು ಕಳ್ಳರ ಕೈ ಸೇರಿದ್ದವು. ನಮ್ಮ ಸುತ್ತಮುತ್ತ ಜಮೀನು ಮಾರದ, ಭಾಗಪತ್ರ ಮಾಡಿಸದ ಮನೆ ಎಷ್ಟಿವೆ? ಹಾಲಿನ ಪ್ರೋತ್ಸಾಹಧನ, ಗೃಹಲಕ್ಷ್ಮಿಯ ಹಣ ಬೀಳುವುದೂ ಆಧಾರ್ ಜೋಡಿಸಿದ ಖಾತೆಗೇ.

ಇದಕ್ಕೊಂದು ಬೀಗ ಇದೆ. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲೋ ಮೊಬೈಲ್ ಆ್ಯಪಿನಲ್ಲೋ 'ಬಯೋಮೆಟ್ರಿಕ್ ಲಾಕ್' ಮಾಡಿದರೆ ಯಾರ ಬೆರಳಿಟ್ಟರೂ ಮೆಷಿನ್ ಒಪ್ಪುವುದಿಲ್ಲ. ಖರ್ಚಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು, ಅಷ್ಟೇ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವ ದಿನ ಮಾತ್ರ ತಾತ್ಕಾಲಿಕವಾಗಿ ಬೀಗ ತೆಗೆಯಬೇಕು. ಇದು ಸ್ವಲ್ಪ ತಲೆನೋವೇ. ಆದರೂ ಮಾಡಿಸಿ ಎಂದೇ ನಮ್ಮ ಅಭಿಪ್ರಾಯ. ಓದಿದ ಮೊಮ್ಮಕ್ಕಳಿಗೆ ಹೇಳಿದರೆ ಐದು ನಿಮಿಷದ ಕೆಲಸ. ಸಂದೇಹವಿದ್ದರೆ 1947ಕ್ಕೆ ಫೋನ್ ಮಾಡಿ.

ಪ್ಯಾನ್ ಹೋಗಿದ್ದರೆ ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆಸಿ ನೋಡಿ, ವರ್ಷಕ್ಕೊಂದು ಸಲ ಪುಕ್ಕಟೆ. ಗೊತ್ತಿಲ್ಲದ ಸಾಲ ಕಂಡರೆ ಅಲ್ಲೇ ತಕರಾರು ಹಾಕಬಹುದು. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂಬುದು 'ಸಂಚಾರ್ ಸಾಥಿ'ಯಲ್ಲಿ ಸಿಗುತ್ತದೆ. ದುಡ್ಡೇ ಹೋಗಿಬಿಟ್ಟರೆ 1930. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಬೇಗ ಹಣ ತಡೆಯಲು ಸಾಧ್ಯ.

ಇನ್ನು ಜೆರಾಕ್ಸ್. ಕಪ್ಪಗೆ ಬಂದ ಪ್ರತಿಯನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ, ಹರಿದು ಹಾಕಿ. ಯಾರಿಗೆ ಕೊಟ್ಟರೂ ಮೇಲೆ ಅಡ್ಡಲಾಗಿ ಕಾರಣ, ತಾರೀಖು ಬರೆದೇ ಕೊಡಿ. ನಮ್ಮ ಸಂಘಕ್ಕೂ ಹಾಗೆಯೇ. ಕಾರ್ಯದರ್ಶಿಗಳು ಬೇಜಾರು ಮಾಡಿಕೊಳ್ಳಬಾರದು: ಸದಸ್ಯರ ಆಧಾರ್ ಪ್ರತಿಗಳಿರುವ ಆ ಬೀರುವಿನ ಕೀಲಿ ಇನ್ನು ಮುಂದೆ ಮೊಳೆಗೆ ನೇತಾಡುವುದು ಬೇಡ.