ಎಲೆ ಉದುರಿದರೆ ಗಿಡ ಸತ್ತಿತೇ?



ಇವತ್ತು ನಾವು ಮರಳುಗಾಡಿನ ಗಿಡಗಳ ವಿಷಯ ಮಾತಾಡೋಣ.

ರಾಜಸ್ಥಾನದಲ್ಲಿ ಥಾರ್ ಮರಳುಗಾಡು ಇದೆ. ಅಲ್ಲಿನ ಜೈಸಲ್ಮೇರ್ ಕಡೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆ. ಅಷ್ಟೂ ನೀರು ನೆಲದ ಮೇಲೆ ನಿಂತರೂ ಒಂದು ಗೇಣು ಆಗೋಲ್ಲ. ಆ ಮಳೆಯೂ ಹೆಚ್ಚಾಗಿ ಜುಲೈನಿಂದ ಸೆಪ್ಟೆಂಬರ್ ಒಳಗೆ ಬಂದು ಹೋಗುತ್ತದೆ. ಹಾಗಾದರೆ ಅಲ್ಲಿ ಗಿಡ ಬದುಕೋದು ಹೇಗೆ?

ಒದ್ದೆ ಸೀರೆ ಹರವಿದರೆ ಬೇಗ ಒಣಗುತ್ತೆ. ಮಡಚಿಟ್ಟರೆ ಬೇಗ ಒಣಗೋಲ್ಲ. ಗಿಡದ್ದೂ ಹಾಗೇ. ಎಲೆ ಹೆಚ್ಚು ಹರಡಿದರೆ ನೀರು ಹೆಚ್ಚು ಆವಿಯಾಗಿ ಹೋಗುತ್ತೆ.

ಅಲ್ಲಿ ಬೋರ್ಡಿ ಅಂತ ಒಂದು ಮುಳ್ಳು ಪೊದೆ ಇದೆ. ಅದು ನಮ್ಮ ಎಲಚಿಹಣ್ಣು, ಅಂದರೆ ಬೋರೆಹಣ್ಣಿನ ಗಿಡದ ಬಳಗ. ಮಳೆ ಬಂದಾಗ ಅದು ಚಿಗುರಿ ಬೆಳೆಯುತ್ತೆ. ನೀರು ಕಡಿಮೆಯಾದರೆ ಎಲೆ ಉದುರಿಸಿ ಸುಮ್ಮನಾಗುತ್ತೆ. ಬೇರು ಮಾತ್ರ ಆಳದಲ್ಲಿ ಜೀವ ಹಿಡಿದಿರುತ್ತೆ.

ಇನ್ನೊಂದು ಗಿಡ ಕೇರ್. ಅದಕ್ಕೆ ವರ್ಷದ ಬಹುಪಾಲು ಎಲೆಯೇ ಇರೋಲ್ಲ. ಎಳೆ ಕಡ್ಡಿಯಲ್ಲಿ ಪುಟ್ಟ ಎಲೆ ಬಂದು ಬೇಗ ಉದುರುತ್ತೆ. ಆದರೆ ಅದರ ಕಡ್ಡಿಯೇ ಹಸಿರು. ಎಲೆ ಮಾಡಬೇಕಾದ ಅಡುಗೆಯನ್ನು ಕಡ್ಡಿಯೇ ಮಾಡುತ್ತೆ! ಇದರ ಕಾಯಿಂದ ಅಲ್ಲಿನವರು ಪಲ್ಯ, ಉಪ್ಪಿನಕಾಯಿ ಮಾಡುತ್ತಾರೆ.

ಈಗ ಒಂದು ಮುಖ್ಯ ಮಾತು. ಮಳೆಗಾಲ ಮುಗಿದ ಮೇಲೆ ಅಲ್ಲಿನ ಜನ ಬೋರ್ಡಿಯ ಕೊಂಬೆ ಕಡಿಯುತ್ತಾರೆ. ಒಣಗಿಸಿ, ಬಡಿದು, ಎಲೆ ಬೇರೆ ಮಾಡಿ ಆಡು, ಕುರಿ, ದನಗಳಿಗೆ ಕೂಡಿಡುತ್ತಾರೆ. ಬೇರನ್ನು ಉಳಿಸುತ್ತಾರೆ. ಮತ್ತೆ ಮಳೆ ಬಂದಾಗ ಅದೇ ಬೇರು ಚಿಗುರುತ್ತೆ.

ಫೋಗ್ ಎಂಬ ಪೊದೆಗೆ ಈ ಅದೃಷ್ಟ ಇರಲಿಲ್ಲ. ಸೌದೆಗೆ, ಇದ್ದಿಲಿಗೆ ಅಂತ ಅದನ್ನು ಬೇರು ಸಮೇತ ಅಗೆದರು. ಅನೇಕ ಕಡೆ ಅದು ಕಡಿಮೆಯಾಯಿತು. ಸೌದೆ ಸಿಕ್ಕಿದ್ದು ಒಂದೇ ಸಲ. ಒಂಟೆ, ಆಡುಗಳ ಮೇವು ಹೋಯಿತು. ಮರಳು ಹಿಡಿದಿಡುವ ಬೇರೂ ಹೋಯಿತು.

ನಾವೂ ಸೌದೆ ಆರಿಸಲು ಹೋಗುತ್ತೇವೆ. ಎಲೆ ಇಲ್ಲದ ಗಿಡ ಕಂಡರೆ ಸತ್ತಿದೆ ಅಂದುಕೊಳ್ಳೋದು ಬೇಡ. ಉಗುರಿನಿಂದ ತೊಗಟೆ ಕೆರೆದು ನೋಡೋಣ. ಒಳಗೆ ಹಸಿರಿದ್ದರೆ ಜೀವ ಇದೆ. ಕಡ್ಡಿ ಒಣಗಿದ್ದರೂ ಬೇರಿನಲ್ಲಿ ಜೀವ ಇರಬಹುದು.

ಒಣ ಕಡ್ಡಿ ಮುರಿದುಕೊಳ್ಳೋಣ. ಬೇರು ಕೀಳೋದು ಬೇಡ. ಬೇರು ಇದ್ದರೆ ಬರುವ ವರ್ಷವೂ ಮೇವು, ಬರುವ ವರ್ಷವೂ ಸೌದೆ.

ನಿಮ್ಮೂರಿನಲ್ಲಿ ಬೇಸಿಗೆಗೆ ಎಲೆ ಉದುರಿಸುವ ಗಿಡ ಯಾವುವು? ಹೆಸರು ಬರೆದು ತನ್ನಿ. ಎಲ್ಲರೂ ಸೇರಿ ಓದೋಣ.