ಅಡಗಿಮನಿ ಕರಿ ದೇವರು

ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ಮಾತಾಡಾಕತ್ತೇನಿ. ನಮ್ಮ ಮನಿ ದೇವರ ಕಟಗಿ ಮಂಟಪಕ್ಕ ಎರಡು ಸಣ್ಣ ಬಾಗಲ ಅದಾವ. ರಾತ್ರಿ ಅವ್ವ ಅವನ್ನ ಮುಚ್ಚತಾಳ, ದೇವರು ಮಲಗಬೇಕಲ್ಲ!

ಇಂಥಾ ಬಾಗಲದ ಗೂಡು ಜಪಾನಿನ ಹಳೇ ಮನಿಗಳಾಗೂ ಇತ್ತು. ಹೆಸರು ಝುಶಿ. ಹೊರಗ ಕರಿ ಮೆರಗು, ಒಳಗ ಬಂಗಾರದ ಹಾಳಿ, ನಡುವ ಗೇಣುದ್ದದ ಕೆತ್ತಿದ ದೇವರು. ಬಾಗಲ ತಗದು ನೋಡಿದ್ರ ಒಳಗಿರೋರು ಭಾಳ ಮಂದಿ ನಮ್ಮ ಪರಿಚಯದವರ. ಬೆಂಜೈತೆನ್ ಅಂದ್ರ ಸರಸ್ವತಿ. ಕೈಯಾಗ ವೀಣಾ ಬದಲಿ ಬಿವಾ ಅನ್ನೋ ತಂತಿವಾದ್ಯ. ಹಾಡುಗಾರ್ತಿ ಗಂಗೂಬಾಯಿ ಹಾನಗಲ್ಲರ ಮನಿ ಇರೋ ನಮ್ಮ ಬಡಾವಣೆಗೆ ಹೇಳಿ ಮಾಡಿಸಿದಾಕಿ. ಬಿಶಾಮೊನ್‌ತೆನ್ ಅಂದ್ರ ಕುಬೇರ, ಆದ್ರ ಮೈತುಂಬ ಸಿಪಾಯಿ ಕವಚ. ಗಣಪ್ಪ ಅಲ್ಲಿ ಕಾಂಗಿತೆನ್. ಅವಗ ಕಡಬಿನಂಥಾ ತಿಂಡಿ ಜೋಡಿ ಮೂಲಂಗಿನೂ ಎಡಿ!

ನನಗ ಎಲ್ಲಾರಕಿಂತ ಹಿಡಿಸಿದಾಂವ ದೈಕೊಕುತೆನ್. ಅಡಗಿಮನಿ ದೇವರು. ಎರಡು ಅಕ್ಕಿ ಮೂಟಿ ಮ್ಯಾಲ ನಿಂತು, ಬೆನ್ನಿಗೆ ಚೀಲ ಹೊತ್ತು, ಕೈಯಾಗ ಸಣ್ಣ ಕೊಡತಿ ಹಿಡದು ನಗತಾನ. ಹೆಸರಿನ ಅರ್ಥ ‘ದೊಡ್ಡ ಕರಿಯ’. ನಮ್ಮ ಮಹಾಕಾಲ! ಹಲ್ಲು ಕಡಿಯೋ ಮಹಾಕಾಲ ಅಕ್ಕಿ ಮೂಟಿ ಹೆಂಗ ಏರಿದ?

7ನೇ ಶತಮಾನದಾಗ ಭಾರತಕ್ಕ ಬಂದಿದ್ದ ಚೀನಾದ ಭಿಕ್ಷು ಇತ್ಸಿಂಗ್ ಒಂದು ಸಂಗತಿ ಬರದಿಟ್ಟಾನ. ಇಲ್ಲಿಯ ದೊಡ್ಡ ಬೌದ್ಧ ವಿಹಾರಗಳ ಅಡಗಿಮನಿ ಕಂಬದ ಬಾಜೂಕ ಒಂದು ಕಟಗಿ ಮೂರ್ತಿ, ಎರಡು ಮೂರು ಅಡಿ ಎತ್ತರ. ಕೈಯಾಗ ಬಂಗಾರದ ಚೀಲ, ಒಂದು ಕಾಲು ಇಳಿಬಿಟ್ಟು ಕುಂತೈತಿ. ಎಣ್ಣಿ ಒರಸಿ ಒರಸಿ ಮಾರಿ ಕರ್ರಗಾಗೈತಿ. ಅವನ ಮಹಾಕಾಲ. ಅಡಗಿಮನಿ ಕಾಯೋ ಆ ಕೆಲಸದ ಜೋಡಿನ ಜಪಾನಿಗೆ ಹೋದ. ಅಲ್ಲಿ ಇವನ ಹೆಸರಿನಂಗ ಕೇಳಿಸೋ ಇನ್ನೊಬ್ಬ ಸ್ಥಳೀಯ ದೇವರ ಜೋಡಿ ಕೂಡಿಬಿಟ್ಟ. ಹಂಗಾಗಿ ಮಾರಿಗೆ ನಗು ಬಂತು.

ಇಂಥಾ ಬೌದ್ಧ ದೇವರು ನಮಗ ಹೊರಗಿನವರಲ್ರಿ. ಗದಗ ಹತ್ರದ ಡಂಬಳದ 1095ರ ಶಾಸನದಾಗ ಬುದ್ಧವಿಹಾರ, ತಾರಾದೇವಿ ವಿಹಾರ ಎರಡೂ ಬರತಾವ. ಕಟ್ಟಿಸಿದವರು ವ್ಯಾಪಾರಸ್ಥ ಸೆಟ್ಟರು.

1868ರ ನಂತರ ಜಪಾನ್ ಸರಕಾರ ಅಲ್ಲಿಯ ಸ್ಥಳೀಯ ಶಿಂತೊ ಧರ್ಮದ ದೇವರನ್ನ ಬೌದ್ಧ ದೇವರಿಂದ ಬ್ಯಾರೆ ಮಾಡಿತು. ಬೌದ್ಧ ಗುಡಿ ಒಡದ್ರು, ಎಷ್ಟೋ ಮೂರ್ತಿ ಸಂತಿಗೆ ಬಂದ್ವು. ಇವತ್ತು ಹಳೇ ದೈಕೊಕುತೆನ್ ಮೂರ್ತಿ ಕೊಂಡವರು ಮಾಡೋ ದೊಡ್ಡ ತಪ್ಪು ಅಂದ್ರ ಅದರ ಮ್ಯಾಲ ಒಲಿ ಹೊಗಿ ಹಿಡದ ಕರಿ ಪದರ ತಿಕ್ಕಿ ತಗಿಯೋದು. ತಲೆಮಾರುಗಟ್ಟಲೆ ಅಡಗಿ ಮಾಡಿದ ಗುರ್ತು ಒಂದು ತಾಸಿನಾಗ ಹೋತು.

ನಿಮ್ಮ ಅಟ್ಟದ ಮ್ಯಾಲ ಅಜ್ಜಿ ಕಾಲದ ಕಿನ್ನಾಳದ ಕಟಗಿ ದೇವರು ಇದ್ರ, ಹಬ್ಬ ಬಂತು ಅಂತ ಸೋಪು ಹಚ್ಚಬ್ಯಾಡ್ರಿ. ಮೆತ್ತನ ಒಣ ಕುಂಚದಿಂದ ಧೂಳ ಝಾಡಿಸ್ರಿ, ಸಾಕು.