ಸರ್ವೆ ಮೇಷ್ಟ್ರ ಸ್ಮರಣೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಹಿರಿಯರ ಸಂಸ್ಮರಣ ಸಭೆಯಲ್ಲಿ ನಮ್ಮ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ದೇವಾಲಯದ ನೂರು ವರುಷಗಳಲ್ಲಿ ಸೇವೆ ಸಲ್ಲಿಸಿದ ಗುರುಗಳ ಹೆಸರುಗಳು ಕಲ್ಲಿನ ಫಲಕದ ಮೇಲಿವೆ. ದಾನಿಗಳ ಹೆಸರುಗಳು ಬೆಂಚುಗಳ ಮೇಲಿವೆ. ಈ ಎರಡು ಪಟ್ಟಿಯಲ್ಲಿಯೂ ಇಲ್ಲದ ಒಬ್ಬ ಹಿರಿಯರನ್ನು ಕುರಿತು ಮಾತನಾಡಬೇಕೆಂದು ಉತ್ಸವ ಸಮಿತಿಯವರು ಅಪೇಕ್ಷಿಸಿದ್ದಾರೆ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಈ ಊರಿನಲ್ಲಿ ಕಾಣೆ. ಸರ್ವೆ ಇಲಾಖೆಯ ನೌಕರಿ, ಸಂಜೆ ಮಕ್ಕಳಿಗೆ ಲೆಕ್ಕದ ಪಾಠ. ಎರಡೂ ಸೇರಿ ಅವರು ಎಲ್ಲರಿಗೂ ‘ಸರ್ವೆ ಮೇಷ್ಟ್ರು’ ಆದರು. ನಾನೂ ಹಾಗೆಯೇ ಕರೆಯುತ್ತೇನೆ.

ಅವರ ಕಸುಬಿನ ಸ್ವರೂಪವನ್ನು ಇಂದಿನ ತರುಣರು ಅರಿಯರು. ಮೈಸೂರು ಸೀಮೆಯಲ್ಲಿ 1863ರಲ್ಲಿ ಕಂದಾಯ ಮೋಜಣಿ ಆರಂಭವಾದ ಮೇಲೆ ನಮ್ಮ ಹೊಲಗದ್ದೆಗಳ ಲೆಕ್ಕವೆಲ್ಲ ಒಂದು ಸರಪಳಿಯನ್ನು ನೆಚ್ಚಿಕೊಂಡಿತು. ಅದರ ಉದ್ದ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. 1957ರಲ್ಲಿ ಹೊಸ ಪೈಸೆ ಬಂದು ಜೇಬಿನ ಆಣೆ ಹೋಯಿತು, ಹೊಲದ ಆಣೆ ಮಾತ್ರ ಉಳಿಯಿತು. ಜಮೀನಿನ ನಡುವೆ ನೇರವಾದ ಗೆರೆ ಹಿಡಿದು, ಬದುವಿನ ಪ್ರತಿಯೊಂದು ತಿರುವೂ ಆ ಗೆರೆಯಿಂದ ಎಷ್ಟು ದೂರವೆಂಬುದನ್ನು ಟಿಪ್ಪಣಿಯಲ್ಲಿ ಗುರುತಿಸಬೇಕು. ಮದ್ರಾಸಿನ ಸಂತ ತೋಮಾಸರ ಬೆಟ್ಟದ ಬಳಿ 1802ರಲ್ಲಿ ಲ್ಯಾಂಬ್ಟನ್ ಎಂಬ ಅಧಿಕಾರಿ, ಮುಂದೆ ಮಹಾ ತ್ರಿಕೋನಮಿತಿ ಮೋಜಣಿ ಎನಿಸಿದ ಕಾರ್ಯದ ಮೊದಲ ಗೆರೆಯನ್ನು ಅಳೆದಾಗ, ಬಿಸಿಲಿಗೆ ಉಕ್ಕಿನ ಸರಪಳಿ ಹಿಗ್ಗುವುದನ್ನೂ ಲೆಕ್ಕಕ್ಕೆ ಹಿಡಿದನಂತೆ. ಮೇಷ್ಟ್ರು ಈ ಕಥೆಯನ್ನು ಹುಡುಗರಿಗೆ ಹೇಳಿ, ‘ಅವನು ಕೂದಲೆಳೆಯನ್ನೂ ಬಿಡಲಿಲ್ಲ, ನೀನು ಒಂದಾಣೆಯನ್ನೇ ನುಂಗಿದೆಯಲ್ಲೋ’ ಎಂದು ಸ್ಲೇಟಿನ ಮೇಲೆ ಬೆರಳಿಡುತ್ತಿದ್ದರು. ದೇವಾಲಯದ ಜಗಲಿಯ ಆ ಪಾಠದಲ್ಲಿ ಪಳಗಿದ ಕೆಲವರು ಇಂದು ಸರ್ವೆಯರುಗಳಾಗಿದ್ದಾರೆ. ಶುಲ್ಕವೆಂಬುದು ಇರಲಿಲ್ಲ, ಸೀಮೆಎಣ್ಣೆ ಲಾಂದ್ರವೂ ಅವರದೇ.

1974ರ ಭೂಸುಧಾರಣೆಯ ತರುವಾಯ ಭೂನ್ಯಾಯ ಮಂಡಳಿಗಳ ಮುಂದೆ ಗೇಣಿದಾರರ ಅರ್ಜಿಗಳು ರಾಶಿಬಿದ್ದ ಕಾಲದಲ್ಲಿ, ಸರಪಳಿಯ ಒಂದು ತುದಿಯಲ್ಲಿ ಒಡೆಯರೂ ಇನ್ನೊಂದು ತುದಿಯಲ್ಲಿ ಉಳುವವರೂ ನಿಂತಿರುತ್ತಿದ್ದರು. ಎರಡು ಮನೆಯವರೂ ಊಟಕ್ಕೆ ಕರೆಯುವರು. ಮೇಷ್ಟ್ರು ಮರದ ನೆರಳಿನಲ್ಲಿ ಮನೆಯಿಂದ ತಂದ ಬುತ್ತಿ ಬಿಚ್ಚುವರು.

ಇನ್ನು ನಾನು ಕಣ್ಣಾರೆ ಕಂಡುದನ್ನು ಹೇಳುತ್ತೇನೆ. ನಾನು ಸಹಾಯಕ ಗುರುವಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಮಳೆಗೆ ನಮ್ಮ ಸ್ಮಶಾನದ ಗೋಡೆ ಕುಸಿಯಿತು. ಕಟ್ಟಿಸಹೊರಟಾಗ ಪಕ್ಕದ ಹೊಲದ ರೈತರು, ಅವರು ನಮ್ಮ ಮತದವರಲ್ಲ, ಹಳೆಯ ಗೋಡೆಯೇ ತಮ್ಮ ನೆಲದಲ್ಲಿದೆಯೆಂದು ಮೆಲ್ಲನೆ ಅರಿಕೆ ಮಾಡಿಕೊಂಡರು. ಇಷ್ಟು ವರುಷ ಇಲ್ಲದ ಮಾತು ಈಗೇಕೆಂದು ನಮ್ಮ ಪ್ರಮುಖರಿಗೆ ಅಸಮಾಧಾನವಾಯಿತು. ಅಂದಿನ ವಿಚಾರಣಾ ಗುರುಗಳು ಮೇಷ್ಟ್ರಿಗೆ ಹೇಳಿಕಳುಹಿಸಿದರು. ಅವರು ತಾಲ್ಲೂಕು ಕಚೇರಿಯಿಂದ ಟಿಪ್ಪಣಿಯ ನಕಲು ತಂದು, ಲಂಟಾನ ಪೊದೆ ಕಡಿಸಿ ಹೂತುಹೋಗಿದ್ದ ಬಾಂದುಕಲ್ಲನ್ನು ಹೊರಗೆಡವಿ, ಅಲ್ಲಿಂದ ಸರಪಳಿ ಹಿಡಿದರು. ಎರಡನೆಯ ಸಲವೂ ಹಿಡಿದರು. ಬಳಿಕ ಎರಡು ಪಕ್ಷದವರ ಎದುರಿನಲ್ಲಿ, ‘ಗೋಡೆ ಮೂರಾಣೆ ಅವರ ಹೊಲದಲ್ಲಿದೆ’ ಎಂದರು. ಮೂರಾಣೆಯೆಂದರೆ ಆರಡಿಗೆ ತುಸು ಹೆಚ್ಚು. ಆ ಆರಡಿಯೊಳಗೆ ಎರಡು ಸಮಾಧಿಗಳಿದ್ದವು. ಒಂದು ಮೇಷ್ಟ್ರ ಹೆತ್ತ ತಾಯಿಯದು.

ಯಾರೂ ಮಾತನಾಡಲಿಲ್ಲ. ನೆರೆಯವನ ಎಲ್ಲೆಗಲ್ಲನ್ನು ಸರಿಸುವವನ ಮೇಲಿನ ಶಾಪ ಧರ್ಮೋಪದೇಶಕಾಂಡದ 27ನೆಯ ಅಧ್ಯಾಯದಲ್ಲಿದೆ. ಗುರುಮಠದಲ್ಲಿ ನಾನು ಅದನ್ನು ಓದಿದ್ದೆ. ಅಂದು ಅದನ್ನು ಎತ್ತಿ ಹೇಳುವ ಅಗತ್ಯ ಬೀಳಲಿಲ್ಲ. ಕೊನೆಗೆ ಆ ರೈತರೇ, ‘ತಾಯಿಯನ್ನು ಎಬ್ಬಿಸಬೇಡಿ ಮೇಷ್ಟ್ರೇ, ಅಷ್ಟು ನೆಲ ನಾನು ಬಿಟ್ಟೆ’ ಎಂದರು. ಮೇಷ್ಟ್ರು ಪುಕ್ಕಟೆಯಾಗಿ ಒಪ್ಪಲಿಲ್ಲ. ಎರಡು ಸಮಾಧಿಗಳ ನೆಲಕ್ಕೂ ತಾವೇ ಬೆಲೆ ತೆತ್ತು, ಬರವಣಿಗೆ ಮಾಡಿಸಿದರು. ನವೆಂಬರ್ 2ರಂದು ಮೃತರ ಸ್ಮರಣೆಗೆ ಬರುವವರು ಗಮನಿಸಿರಬಹುದು: ನಮ್ಮ ಗೋಡೆ ಒಂದೆಡೆ ಮಾತ್ರ ಹೊರಕ್ಕೆ ಚಾಚಿಕೊಂಡಿದೆ. ಮೇಸ್ತ್ರಿಯ ಕೈತಪ್ಪಲ್ಲ ಅದು.

ಮನೆಯಲ್ಲಿ ಅವರು ಮೃದು ಸ್ವಭಾವದವರು. ಸೋಮವಾರ ಕ್ಯಾಂಪಿಗೆ ಹೋದವರು ಶನಿವಾರದ ಕೊನೆಯ ಬಸ್ಸಿನಲ್ಲಿ ಕಡಲೆಪುರಿಯ ಪೊಟ್ಟಣ ಹಿಡಿದು ಇಳಿಯುವರು. ಮಡದಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ವರುಷಗಳಲ್ಲಿ ಅಡಿಗೆಯೂ ಶುಶ್ರೂಷೆಯೂ ಅವರದೇ. ತಿಂಗಳ ಮೊದಲ ಶುಕ್ರವಾರ ನಾನು ಪರಮಪ್ರಸಾದ ಕೊಂಡೊಯ್ದಾಗ ಆ ತಾಯಿಯ ತಲೆ ಬಾಚಿ ಜಡೆ ಹೆಣೆದಿರುತ್ತಿತ್ತು. ‘ಬೈತಲೆಯನ್ನೂ ಅಳತೆ ನೋಡಿಯೇ ತೆಗೆಯುತ್ತಾರೆ, ಸ್ವಾಮಿ’ ಎಂದು ಅವರು ತೊದಲುತ್ತ ನಗುತ್ತಿದ್ದರು.

ಆದರೆ ಅಳತೆಯ ವಿಷಯದಲ್ಲಿ ಮನೆಯವರಿಗೂ ರಿಯಾಯಿತಿ ಇರಲಿಲ್ಲ. ಅವರಿಗಿದ್ದುದು 2 ಎಕರೆ 10 ಗುಂಟೆ. ಮಕ್ಕಳು ಮೂವರು ಗಂಡು, ಇಬ್ಬರು ಹೆಣ್ಣು. ತಲೆಗೆ 18 ಗುಂಟೆಯಂತೆ ತಾವೇ ಅಳೆದು ಕಲ್ಲು ನೆಡಿಸಿದರು. ಮದುವೆಯ ಖರ್ಚು ಪಡೆದ ತಂಗಿಯರಿಗೆ ಮತ್ತೇಕೆ ಪಾಲೆಂದು ಹಿರಿಯ ಮಗ ಮುನಿದು, ಎರಡು ಕ್ರಿಸ್ತಜಯಂತಿಗೆ ಮನೆಗೆ ಬರಲಿಲ್ಲ. ನಮ್ಮವರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯಿದೆಯಲ್ಲಿ ಮಗನಿಗೊಂದು ಮಗಳಿಗೊಂದು ಎಂಬ ಭೇದವಿಲ್ಲ. ‘ನಾನು ಸತ್ತಮೇಲೆ ಕಾಯಿದೆ ಮಾಡುವುದನ್ನು ಬದುಕಿರುವಾಗ ನಾನೇ ಮಾಡಿದೆ’ ಎನ್ನುತ್ತಿದ್ದರು ಮೇಷ್ಟ್ರು. ಹಬ್ಬದ ರಾತ್ರಿ ಬಾಗಿಲ ಕಡೆ ನೋಡುತ್ತ ಕುಳಿತಿರುತ್ತಿದ್ದರು, ಕಲ್ಲನ್ನು ಮಾತ್ರ ಕದಲಿಸಲಿಲ್ಲ. ಒಂದು ಸೀರೆ ಕೊಟ್ಟು ಅಕ್ಕತಂಗಿಯರಿಂದ ಹಕ್ಕುಬಿಡುಗಡೆಗೆ ರುಜು ಹಾಕಿಸಿಕೊಂಡವರು ನಮ್ಮ ನಡುವೆ ಕಡಿಮೆಯಿಲ್ಲ. ಉತ್ಸವದ ದಿನ ಈ ಮಾತು ಸಲ್ಲದೆಂದು ಯಾರಾದರೂ ಅಂದರೆ ಅನ್ನಲಿ. ಮೂರನೆಯ ವರುಷ ಮಗ ಮರಳಿ ಬಂದರು. ಇಂದು ತಂಗಿಯರ ಪಾಲನ್ನು ಉತ್ತು ಅವರಿಗೆ ರಾಗಿ ಅಳೆದುಕೊಡುತ್ತಿರುವವರು ಅವರೇ. ಅವರ ಅನುಮತಿ ಪಡೆದೇ ಇದನ್ನು ಹೇಳಿದ್ದೇನೆ. ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಈಗ ಉಪಗ್ರಹಗಳ ನೆರವಿನಿಂದ ಅಳೆಯುವ ಯಂತ್ರಗಳು ಬಂದಿವೆ. ಮೇಷ್ಟ್ರ ಶಿಷ್ಯರಲ್ಲೊಬ್ಬರು ಕಳೆದ ತಿಂಗಳು ಅಂಥದೊಂದನ್ನು ತಂದು ನಮ್ಮ ಸ್ಮಶಾನವನ್ನು ಅಳೆದರು. ಗೋಡೆ ಮೇಷ್ಟ್ರು ತೋರಿದ ಗೆರೆಯ ಮೇಲೆಯೇ ಇದೆ. ಅವರ ಮನೆಯವರು ಸರಪಳಿಯನ್ನು ಪ್ರದರ್ಶನಕ್ಕೆ ಕೊಟ್ಟಿದ್ದಾರೆ. ಜಗಲಿಯ ಎಡಗಡೆಯ ಮೇಜಿನ ಮೇಲಿದೆ, ಹೋಗುವಾಗ ನೋಡಿ. ಮಕ್ಕಳು ಕೈಯಲ್ಲಿ ಹಿಡಿದು ನೋಡಲೂ ಅಡ್ಡಿಯಿಲ್ಲ.